ಮಲೆನಾಡಿನ ಮನೆಯಿಂದ ಐದು ವಾಟಿನ ಹ್ಯಾಮ್ ರೇಡಿಯೋ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆ ಹೊಸದಾಗಿ ಹ್ಯಾಮ್ (ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರು) ಆದವರು, ಆಗಬೇಕು ಅಂದುಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ದೊಡ್ಡ ಸೆಟ್, ದೊಡ್ಡ ಟವರ್ ಇಲ್ಲದೆ ಏನೂ ಆಗಲ್ಲ ಅಂತ ಬಹಳ ಜನ ಶುರು ಮಾಡುವ ಮೊದಲೇ ಕೈಬಿಡುತ್ತಾರೆ. ಅದು ಬೇಜಾರಿನ ವಿಷಯ. ಯಾಕೆಂದರೆ ಕಡಿಮೆ ಪವರಿನ ರೇಡಿಯೋಗೆ ಬೇಕಾದ ಎರಡು ಮುಖ್ಯ ವಸ್ತು, ಅಂದರೆ ಎತ್ತರದ ಮರ ಮತ್ತು ಸದ್ದಿಲ್ಲದ ಜಾಗ, ನಮ್ಮ ಕಡೆ ಮನೆ ಹಿತ್ತಲಲ್ಲೇ ಇದೆ.

ಕ್ಯೂಆರ್‌ಪಿ ಅಂದರೆ ಎಷ್ಟು ಪವರ್?

ಕ್ಯೂಆರ್‌ಪಿ ಅಂದರೆ ಕಮ್ಮಿ ಪವರಿನ ರೇಡಿಯೋ. ಮೋರ್ಸ್‌ನಲ್ಲಿ, ಅಂದರೆ ಚುಕ್ಕಿ ಗೆರೆಯ ಸಂಕೇತದಲ್ಲಿ, 5 ವಾಟ್, ಮಾತಿನಲ್ಲಿ ಅಂದರೆ ಎಸ್‌ಎಸ್‌ಬಿಯಲ್ಲಿ 10 ವಾಟ್. ಇದು ಪ್ರಪಂಚದ ಹ್ಯಾಮ್‌ಗಳು ಒಪ್ಪಿಕೊಂಡು ಬಂದಿರುವ ರೂಢಿ. 1 ವಾಟಿಗಿಂತ ಕೆಳಗೆ ಇಳಿದರೆ ಅದಕ್ಕೆ ಕ್ಯೂಆರ್‌ಪಿಪಿ ಅನ್ನುತ್ತಾರೆ.

100 ವಾಟಿನ ಸೆಟ್ ಮುಂದೆ 5 ವಾಟ್ ಏನು ಲೆಕ್ಕ? ಯಾರಿಗೆ ಕೇಳಿಸುತ್ತೆ?

ಲೆಕ್ಕ ಹಾಕಿಯೇ ನೋಡೋಣ. 100 ವಾಟಿನಿಂದ 5 ವಾಟಿಗೆ ಇಳಿದರೆ ಕಮ್ಮಿಯಾಗುವುದು 13 ಡೆಸಿಬಲ್. ಸಿಗ್ನಲ್ ಎಷ್ಟು ಜೋರು ಅಂತ ತೋರಿಸುವ ಎಸ್ ಮೀಟರಿನಲ್ಲಿ ಒಂದೊಂದು ಎಸ್‌ಗೆ 6 ಡೆಸಿಬಲ್ ಅಂತ ಲೆಕ್ಕ. ಅಂದರೆ 100 ವಾಟಿನಲ್ಲಿ ಎಸ್9 ಬರುತ್ತಿದ್ದವರು 5 ವಾಟಿನಲ್ಲಿ ಎಸ್7ರ ಹತ್ತಿರ ಬರುತ್ತಾರೆ. ಎಸ್7 ಅಂದರೆ ಆರಾಮಾಗಿ ಮಾತಾಡಬಹುದಾದ ಸಿಗ್ನಲ್. ಆಚೆ ಕಡೆಯವರ ಜಾಗದಲ್ಲಿ ಗದ್ದಲ ಇಲ್ಲದಿದ್ದರೆ ಎಸ್3 ಕೂಡ ಸಾಕು.

ಹಾಗಂತ ಎಲ್ಲ ಹೊತ್ತಲ್ಲೂ ಒಂದೇ ಅಂತ ಹೇಳುತ್ತಿಲ್ಲ. ಅಪರೂಪದ ದ್ವೀಪದಿಂದ ಯಾರೋ ಬಂದು ನೂರಾರು ಜನ ಒಟ್ಟಿಗೆ ಕರೆಯುತ್ತಿರುವಾಗ 5 ವಾಟಿನ ಮಾತು ಅಡಿಯಲ್ಲೇ ಉಳಿಯುತ್ತದೆ. ಗುಡುಗಿನ ಕಾಲದ ರಾತ್ರಿ 7 ಮೆಗಾಹರ್ಟ್ಸ್‌ನಲ್ಲೂ ಹಾಗೇ. ಆದರೆ ಇಲ್ಲಿ ಒಂದು ವಿಷಯ ಗಮನಿಸಿ. ತಗ್ಗಿನಲ್ಲಿ ಕಟ್ಟಿದ, ತಪ್ಪು ಅಳತೆಯ ತಂತಿಯಿಂದ 10 ಡೆಸಿಬಲ್ ಕಳೆದುಕೊಳ್ಳುವುದು ಬಹಳ ಸುಲಭ. ದುಡ್ಡು ಕೊಟ್ಟು ತಂದ ದೊಡ್ಡ ಸೆಟ್ಟಿನ ಲಾಭ ಅಲ್ಲೇ ಹೋಯಿತು ಅಲ್ವಾ? ಅದಕ್ಕೇ ಮೊದಲು ತಂತಿ, ಆಮೇಲೆ ಸೆಟ್.

ಲೈಸೆನ್ಸ್ ಬೇಕಾ? ಬರೀ 5 ವಾಟ್ ತಾನೇ?

ಬೇಕು. ಎಷ್ಟೇ ಕಮ್ಮಿ ಪವರ್ ಆದರೂ ಹ್ಯಾಮ್ ಬ್ಯಾಂಡಿನಲ್ಲಿ ಟ್ರಾನ್ಸ್‌ಮಿಟ್ ಮಾಡಲು ಲೈಸೆನ್ಸ್ ಬೇಕೇ ಬೇಕು. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಚೀನಾ ವಾಕಿಟಾಕಿಗೂ ಇದೇ ಮಾತು. ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಪರೀಕ್ಷೆ ನಡೆಸುತ್ತದೆ, ಅರ್ಜಿ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. 12 ವರ್ಷ ತುಂಬಿದ ಮಕ್ಕಳೂ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಯವರಿಗೆ ವಿಯು3 ಅಂತ ಶುರುವಾಗುವ ಕಾಲ್‌ಸೈನ್ (ರೇಡಿಯೋದಲ್ಲಿ ಹೇಳುವ ಗುರುತಿನ ಹೆಸರು), ಜನರಲ್ ದರ್ಜೆಯವರಿಗೆ ವಿಯು2. ರಿಸ್ಟ್ರಿಕ್ಟೆಡ್‌ಗೆ ಮೋರ್ಸ್ ಪರೀಕ್ಷೆ ಇಲ್ಲ, ಜನರಲ್‌ಗೆ ನಿಮಿಷಕ್ಕೆ 8 ಪದದ ವೇಗದಲ್ಲಿ ಇದೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ತರಬೇತಿ ಕೊಡುತ್ತಾ ಬಂದಿದೆ. 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂದಿದೆ, ಹಾಗಾಗಿ ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿ ಇರುವ ನಿಯಮವನ್ನೇ ಓದಿಕೊಳ್ಳಿ.

ಯಾವ ಸೆಟ್ ತಗೊಳ್ಳಲಿ?

ಬೆಸುಗೆ ಹಾಕಲು ಬರುತ್ತದಾ? ಬಂದರೆ ಬಿಟ್‌ಎಕ್ಸ್ ಅಥವಾ ಮೈಕ್ರೋ ಬಿಟ್‌ಎಕ್ಸ್ ನೋಡಿ. ಹೈದರಾಬಾದಿನ ಅಶ್ಹರ್ ಫರ್ಹಾನ್, ವಿಯು2ಇಎಸ್‌ಇ, ಮಾಡಿದ ವಿನ್ಯಾಸ. ಇಲ್ಲಿಯ ಅಂಗಡಿಯಲ್ಲಿ ಸಿಗುವ ಸಾದಾ ಬಿಡಿಭಾಗಗಳಿಂದಲೇ ಎಸ್‌ಎಸ್‌ಬಿ ಸೆಟ್ ಕಟ್ಟಬಹುದು ಅಂತ ತೋರಿಸಿದ ಸರ್ಕ್ಯೂಟ್ ಅದು. ಪ್ರಪಂಚದ ಮೂಲೆಮೂಲೆಯಲ್ಲಿ ಜನ ಕಟ್ಟಿದ್ದಾರೆ, ನಮ್ಮವರಿಗೆ ಹೆಮ್ಮೆ ಇರಬೇಕಾದ ಕೆಲಸ. ಕಟ್ಟುವುದು ಬೇಡ ಅಂದರೆ ಹಳೆಯ ಯಾಯೇಸು ಎಫ್‌ಟಿ-817 ಕೈಬದಲಾಗಿ ಸಿಕ್ಕರೂ ಸಾಕು. ಐಕಾಮ್ ಐಸಿ-705 ಬಹಳ ಚೆನ್ನಾಗಿದೆ, ಬೆಲೆ ಮಾತ್ರ ಜಾಸ್ತಿ. ಹೊರದೇಶದಿಂದ ತರಿಸುವುದಾದರೆ ಆಮದಿನ ನಿಯಮ ಮೊದಲೇ ವಿಚಾರಿಸಿ.

ಆಂಟೆನಾ ಹೇಗೆ ಕಟ್ಟೋದು? ಟವರ್ ಹಾಕೋಕೆ ಆಗಲ್ಲ.

ಟವರ್ ಬೇಡವೇ ಬೇಡ. ಎರಡು ಅಡಿಕೆ ಮರ ಸಾಕು.

143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ, ಡೈಪೋಲಿನ, ಅಂದರೆ ಮಧ್ಯದಿಂದ ಫೀಡ್ ಮಾಡುವ ತಂತಿ ಆಂಟೆನಾದ, ಒಟ್ಟು ಉದ್ದ ಮೀಟರಿನಲ್ಲಿ ಬರುತ್ತದೆ. 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್, ಅಂದರೆ ಮಧ್ಯದಿಂದ ಆ ಕಡೆ 10, ಈ ಕಡೆ 10. 14.1ಕ್ಕೆ ಒಟ್ಟು 10 ಮೀಟರ್. 28.4ಕ್ಕೆ 5 ಮೀಟರ್. ಮನೆ ವೈರಿಂಗಿಗೆ ಬಳಸುವ 1 ಸ್ಕ್ವೇರ್ ಎಂಎಂ ತಂತಿ ಧಾರಾಳ ಆಯಿತು. ಪ್ರತಿ ಕಡೆ ಒಂದಡಿ ಉದ್ದವೇ ಬಿಟ್ಟು ಕಟ್ಟಿ, ಎಸ್‌ಡಬ್ಲ್ಯುಆರ್ (ತಂತಿಯಿಂದ ಎಷ್ಟು ಪವರ್ ವಾಪಸ್ ಬರುತ್ತಿದೆ ಅಂತ ತೋರಿಸುವ ಅಳತೆ) ನೋಡುತ್ತಾ ತುದಿಯನ್ನು ಸ್ವಲ್ಪಸ್ವಲ್ಪವೇ ಹಿಂದಕ್ಕೆ ಮಡಚುತ್ತಾ ಬನ್ನಿ. ಕತ್ತರಿಸಲು ಅವಸರ ಬೇಡ.

ಮೇಲೆ ಏರಿಸುವುದಕ್ಕೆ ಒಳ್ಳೆಯ ಸಮಯ ಕೊನೆಗಾರರು ತೋಟಕ್ಕೆ ಬಂದ ದಿನ. ಕೊನೆ ಕೊಯ್ಯಲೋ, ಮಳೆಗಾಲಕ್ಕೆ ಮೊದಲು ಕೊಳೆ ಔಷಧಿ ಹೊಡೆಯಲೋ ಅವರು ಮರ ಹತ್ತಿರುತ್ತಾರೆ. ಆಗಲೇ ಹತ್ತು ಹನ್ನೆರಡು ಮೀಟರ್ ಎತ್ತರದಲ್ಲಿ ಒಂದು ಸಣ್ಣ ರಾಟೆ ಕಟ್ಟಿಸಿ, ಅದರಲ್ಲಿ ನೈಲಾನ್ ಹಗ್ಗ ಪೋಣಿಸಿ, ಎರಡೂ ತುದಿ ಕೆಳಗೆ ಬರುವ ಹಾಗೆ ಬಿಟ್ಟುಬಿಡಿ. ಆಮೇಲೆ ಪಾಚಿ ಕಟ್ಟಿದ ಮರವನ್ನು ಮಳೆಯಲ್ಲಿ ಯಾರೂ ಹತ್ತಬೇಕಾಗಿಲ್ಲ, ತಂತಿಯನ್ನು ನೆಲದಿಂದಲೇ ಏರಿಸಿ ಇಳಿಸಬಹುದು. ಅಡಿಕೆ ಮರ ಗಾಳಿಗೆ ಬಹಳ ತೂಗುತ್ತದೆ. ಬಿಗಿಯಾಗಿ ಕಟ್ಟಿದರೆ ಆರಿದ್ರಾ ಮಳೆಯ ಮೊದಲ ಗಾಳಿಗೇ ತಂತಿ ತುಂಡಾಗುತ್ತದೆ. ಹಗ್ಗದ ಕೆಳತುದಿಯನ್ನು ಗಂಟು ಹಾಕದೆ ನೀರು ತುಂಬಿದ ಬಾಟಲಿ ನೇತುಹಾಕಿ. ಮರ ಬಾಗಿದಾಗ ಬಾಟಲಿ ಮೇಲೇರುತ್ತದೆ, ಮರ ನೆಟ್ಟಗಾದಾಗ ಇಳಿಯುತ್ತದೆ, ತಂತಿಗೆ ಎಳೆತ ಒಂದೇ ಸಮ ಇರುತ್ತದೆ. ತಂತಿ ಒದ್ದೆ ಸೋಗೆಗೆ ತಾಗದ ಹಾಗೆ ನೋಡಿಕೊಳ್ಳಿ, ತಾಗಿದರೆ ಅಳತೆ ಕೆಡುತ್ತದೆ, ಪವರೂ ಅಲ್ಲೇ ಸೋರುತ್ತದೆ. ಮಂಗಗಳ ಕಾಟ ಇರುವಲ್ಲಿ ಬಣ್ಣ ಎದ್ದು ಕಾಣದ ತಂತಿ ಒಳ್ಳೆಯದು.

ಒಂದೇ ತುದಿಯಿಂದ ಫೀಡ್ ಮಾಡುವ, 49ಕ್ಕೆ 1ರ ಟ್ರಾನ್ಸ್‌ಫಾರ್ಮರ್ ಇರುವ 20 ಮೀಟರ್ ತಂತಿಯೂ ಚೆನ್ನಾಗಿ ನಡೆಯುತ್ತದೆ. 7, 14, 21, 28 ನಾಲ್ಕೂ ಬ್ಯಾಂಡ್ ಒಂದೇ ತಂತಿಯಲ್ಲಿ. ಮನೆಯ ಮಾಡಿನಿಂದ ತೋಟದ ಮರಕ್ಕೆ ಎಳೆದರೆ ಕೇಬಲ್ ಕೂಡ ಗಿಡ್ಡ ಸಾಕು. ಇದು 5 ವಾಟಿನವರಿಗೆ ಸಣ್ಣ ವಿಷಯ ಅಲ್ಲ. 30 ಮೀಟರ್ ಆರ್‌ಜಿ-58 ಕೇಬಲ್ 28 ಮೆಗಾಹರ್ಟ್ಸ್‌ನಲ್ಲಿ ಸುಮಾರು ಎರಡೂವರೆ ಡೆಸಿಬಲ್ ತಿನ್ನುತ್ತದೆ. ನಿಮ್ಮ 5 ವಾಟಿನಲ್ಲಿ ತಂತಿಗೆ ತಲುಪುವುದು 3 ವಾಟಿಗಿಂತ ಕಮ್ಮಿ.

ಹೆಂಚಿನ ಮನೆಯ ಅಟ್ಟದ ಒಳಗೇ ತಂತಿ ಕಟ್ಟಬಹುದಾ?

14 ಮತ್ತು ಮೇಲಿನ ಬ್ಯಾಂಡುಗಳಿಗೆ ಕಟ್ಟಬಹುದು. ಮಣ್ಣಿನ ಹೆಂಚು ರೇಡಿಯೋ ಅಲೆಯನ್ನು ಅಷ್ಟಾಗಿ ತಡೆಯುವುದಿಲ್ಲ. ತಗಡಿನ ಶೀಟ್ ಹೊದೆಸಿದ ಮಾಡು ಆದರೆ ಪ್ರಯೋಜನ ಇಲ್ಲ, ಹೊರಗೇ ಕಟ್ಟಿ.

ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಮನೆಯಲ್ಲಿದೆ. ಅದನ್ನೇ ಕಂಬ ಮಾಡಿಕೊಳ್ಳಬಹುದಾ?

ಇದನ್ನು ಈಗ ಬಹಳ ಜನ ಕೇಳುತ್ತಾರೆ. ಬೇಡ. ಕಾರ್ಬನ್ ಫೈಬರ್ ವಿದ್ಯುತ್ ಹರಿಸುತ್ತದೆ, ಹಾಗಾಗಿ ಅದಕ್ಕೆ ಒರಗಿದ ತಂತಿಯ ಆಂಟೆನಾ ಸರಿ ಕೆಲಸ ಮಾಡುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಜೀವದ್ದು. ಕಾರ್ಬನ್ ದೋಟಿ, ಅಲ್ಯೂಮಿನಿಯಂ ದೋಟಿ ಎರಡೂ ಕರೆಂಟ್ ಲೈನಿಗೆ ತಾಗಿದರೆ ಹಿಡಿದವರು ಉಳಿಯುವುದು ಕಷ್ಟ. ತೋಟದ ಮೇಲೆ ಲೈನ್ ಹಾದುಹೋಗಿದ್ದರೆ ಆಂಟೆನಾ ತಂತಿ ತುಂಡಾಗಿ ಬಿದ್ದರೂ, ಗಾಳಿಗೆ ಹಾರಿದರೂ ಲೈನಿಗೆ ಮುಟ್ಟದಷ್ಟು ದೂರದಲ್ಲಿ ಕಟ್ಟಿ. ಕಂಬ ಬೇಕೇ ಬೇಕು ಅಂದರೆ ಬಿದಿರು ಕಡಿಯಿರಿ, ಅಥವಾ ಗಾಜಿನ ನಾರಿನ ಕಂಬ ತನ್ನಿ.

ನಮ್ಮ ಮನೆ ಕಣಿವೆಯಲ್ಲಿದೆ. ನಾಲ್ಕೂ ಕಡೆ ಗುಡ್ಡ. ಮೊಬೈಲ್ ಸಿಗ್ನಲ್ಲೇ ಬರಲ್ಲ, ಇನ್ನು ರೇಡಿಯೋ?

ಬರುತ್ತದೆ. ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡಬೇಕು, ಯಾಕೆಂದರೆ ಮಲೆನಾಡಿನವರನ್ನು ಹೆದರಿಸುವುದು ಇದೇ.

ಮೊಬೈಲ್, ವಿಎಚ್‌ಎಫ್ ವಾಕಿಟಾಕಿಗಳ ಅಲೆ ಹೆಚ್ಚುಕಡಿಮೆ ನೆಟ್ಟಗೆ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ನಿಲ್ಲುತ್ತದೆ. ಎಚ್‌ಎಫ್, ಅಂದರೆ 3ರಿಂದ 30 ಮೆಗಾಹರ್ಟ್ಸ್‌ವರೆಗಿನ ಅಲೆ, ಹಾಗಲ್ಲ. ಸೂರ್ಯನ ಕಿರಣಕ್ಕೆ ಮೇಲಿನ ಗಾಳಿ ಅಯಾನುಗಳಾಗಿ ಒಡೆದು ಪದರಗಳಾಗಿ ನಿಂತಿರುತ್ತದೆ. ಅದರಲ್ಲಿ ಎಫ್ ಪದರ ನೆಲದಿಂದ ಸುಮಾರು 250ರಿಂದ 400 ಕಿಲೋಮೀಟರ್ ಮೇಲೆ. 7 ಮೆಗಾಹರ್ಟ್ಸ್ ಅಲೆಯನ್ನು ನೆಟ್ಟಗೆ ಆಕಾಶಕ್ಕೆ ಬಿಟ್ಟರೂ ಆ ಪದರ ಅದನ್ನು ವಾಪಸ್ ಕೆಳಗೆ ಕಳಿಸುತ್ತದೆ. ತೋಟದ ಜೆಟ್ ನೀರು ಮೇಲಕ್ಕೆ ಚಿಮ್ಮಿ ಸುತ್ತಲೂ ಬೀಳುವ ಹಾಗೆ ಸಿಗ್ನಲ್ ಸುತ್ತಲೂ ಮುನ್ನೂರು ನಾನೂರು ಕಿಲೋಮೀಟರ್ ದೂರದವರೆಗೆ ಇಳಿಯುತ್ತದೆ. ಗುಡ್ಡ ಅದಕ್ಕೆ ಅಡ್ಡವೇ ಬರುವುದಿಲ್ಲ. ಇದಕ್ಕೆ ಎನ್‌ವಿಐಎಸ್ ಅನ್ನುತ್ತಾರೆ. ಹೊಸನಗರದ ಕಣಿವೆಯಿಂದ ಮಂಗಳೂರು, ಹುಬ್ಬಳ್ಳಿ, ಮೈಸೂರು, ಬೆಂಗಳೂರು ಎಲ್ಲವೂ ಈ ಅಳತೆಯ ಒಳಗೇ ಇವೆ. ಇದಕ್ಕೆ ತಂತಿ ಬಹಳ ಎತ್ತರ ಇರಬೇಕಾಗಿಯೂ ಇಲ್ಲ. 7 ಮೆಗಾಹರ್ಟ್ಸ್‌ಗೆ 6ರಿಂದ 10 ಮೀಟರ್ ಎತ್ತರ ಒಳ್ಳೆಯ ಅಳತೆ. ಅಡಿಕೆ ಮರದ ಎತ್ತರವೇ ಅದು.

ನಮ್ಮ ಜಾಗಕ್ಕೆ ಇನ್ನೊಂದು ಅನುಕೂಲ ಇದೆ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ. ತಿರುವನಂತಪುರದ ಪಕ್ಕದ ತುಂಬಾದಲ್ಲಿ ರಾಕೆಟ್ ಕೇಂದ್ರ ಮಾಡಿ 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿಸಿದ್ದು ಈ ರೇಖೆಯ ಮೇಲಿನ ಆಕಾಶವನ್ನು ಅಳೆಯಲಿಕ್ಕೇ. ಈ ರೇಖೆಯ ಆಚೀಚೆ ಎಫ್ ಪದರ ಗಟ್ಟಿಯಾಗಿರುತ್ತದೆ. ಯುರೋಪಿನ ಹ್ಯಾಮ್‌ಗಳಿಗೆ ಸೂರ್ಯ ಮಂಕಾದ ವರ್ಷಗಳಲ್ಲಿ 7 ಮೆಗಾಹರ್ಟ್ಸ್‌ನಲ್ಲಿ ಪಕ್ಕದ ಊರು ಸಿಗುವುದೇ ಕಷ್ಟ. ನಮಗೆ ಹಗಲಿನಲ್ಲಿ ಆ ತೊಂದರೆ ಕಮ್ಮಿ. ಇದಕ್ಕೆ ಬೆಲೆಯೂ ಇದೆ ಅನ್ನಿ. ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಸೂರ್ಯ ಮುಳುಗಿದ ಮೇಲೆ ಈ ಪದರ ಕಲಕಿ ಹೋಗುತ್ತದೆ, ಆಗ ಸಿಗ್ನಲ್‌ಗಳು ನಡುಗಿದ ಹಾಗೆ ಕೇಳುತ್ತವೆ. ಸೆಟ್ ಕೆಟ್ಟಿಲ್ಲ, ಕೆಲವು ಗಂಟೆ ಕಾಯಿರಿ.

14 ಮೆಗಾಹರ್ಟ್ಸ್‌ನಲ್ಲಿ ಇಟಲಿಯವರು ಕೇಳಿಸ್ತಾರೆ, ಬೆಂಗಳೂರಿನವರು ಕೇಳಿಸಲ್ಲ. ಯಾಕೆ?

ಫ್ರೀಕ್ವೆನ್ಸಿ ಹೆಚ್ಚಾದಂತೆ ನೆಟ್ಟಗೆ ಮೇಲೆ ಹೋದ ಅಲೆ ಪದರವನ್ನು ತೂರಿಕೊಂಡು ಹೊರಟುಹೋಗುತ್ತದೆ. ಓರೆಯಾಗಿ ಹೋದದ್ದು ಮಾತ್ರ ಬಾಗಿ ಕೆಳಗೆ ಬರುತ್ತದೆ, ಅದೂ ನೂರಾರು, ಸಾವಿರಾರು ಕಿಲೋಮೀಟರ್ ಆಚೆ. ಎಫ್ ಪದರದಿಂದ ಒಂದು ನೆಗೆತಕ್ಕೆ ಹೆಚ್ಚೆಂದರೆ ಸುಮಾರು 4000 ಕಿಲೋಮೀಟರ್. ನಡುವಿನ ಜಾಗಕ್ಕೆ ಏನೂ ಬೀಳುವುದಿಲ್ಲ. ಬೆಂಗಳೂರಿನವರು ಆ ಖಾಲಿ ಜಾಗದಲ್ಲಿದ್ದಾರೆ. ಅವರ ಹತ್ತಿರ ಮಾತಾಡಲು 7ಕ್ಕೆ ಇಳಿಯಿರಿ.

ಯಾವ ಹೊತ್ತಿಗೆ ಯಾವ ಬ್ಯಾಂಡ್?

ಕರ್ನಾಟಕದ ಒಳಗೆ, ಕೇರಳ, ತಮಿಳುನಾಡಿಗೆ 7 ಮೆಗಾಹರ್ಟ್ಸ್. ಬೆಳಗಿನ ತಿಂಡಿ ಹೊತ್ತು ಮತ್ತು ಸಂಜೆ ನಾಲ್ಕರ ನಂತರ ಒಳ್ಳೆಯದು. ನಡುಮಧ್ಯಾಹ್ನ ಡಿ ಅನ್ನುವ ಕೆಳಗಿನ ಪದರ ಸಿಗ್ನಲ್ ನುಂಗುತ್ತದೆ, 5 ವಾಟಿನವರಿಗೆ ಅದು ಬೇಗ ಗೊತ್ತಾಗುತ್ತದೆ. ಫ್ರೀಕ್ವೆನ್ಸಿ ಅರ್ಧ ಆದರೆ ಈ ನುಂಗುವಿಕೆ ಸುಮಾರು ನಾಲ್ಕು ಪಟ್ಟು, ಅದಕ್ಕೇ 3.5 ಮೆಗಾಹರ್ಟ್ಸ್ ರಾತ್ರಿಯ ಬ್ಯಾಂಡ್. ಹಳಬರಿಗೆ ಇದು ಬೇರೆ ರೀತಿಯಲ್ಲಿ ಗೊತ್ತಿರುತ್ತದೆ. ಹಗಲಿನಲ್ಲಿ ಮೀಡಿಯಂ ವೇವಿನಲ್ಲಿ ಭದ್ರಾವತಿ ಆಕಾಶವಾಣಿ ಬಿಟ್ಟರೆ ಹೆಚ್ಚೇನೂ ಸಿಗುತ್ತಿರಲಿಲ್ಲ, ಕತ್ತಲಾದ ಮೇಲೆ ದೂರದೂರದ ಸ್ಟೇಷನ್‌ಗಳು ಬರುತ್ತಿದ್ದವು ಅಲ್ವಾ? ಡಿ ಪದರ ಕರಗುವುದರಿಂದಲೇ ಹಾಗೆ.

28 ಮತ್ತು 21 ಮೆಗಾಹರ್ಟ್ಸ್ ಹಗಲಿನವು. ಬೆಳಿಗ್ಗೆ ಪೂರ್ವದ ಕಡೆ, ಜಪಾನ್, ಆಸ್ಟ್ರೇಲಿಯಾ. ಮಧ್ಯಾಹ್ನದ ಊಟ ಮುಗಿದ ಮೇಲೆ ಯುರೋಪ್. 14 ಸಂಜೆಯಿಂದ ರಾತ್ರಿವರೆಗೆ ಯುರೋಪಿಗೆ ಚೆನ್ನಾಗಿರುತ್ತದೆ. ಸೂರ್ಯ ಹುಟ್ಟುವ, ಮುಳುಗುವ ಅರ್ಧ ಗಂಟೆ ಯಾವತ್ತೂ ತಪ್ಪಿಸಬೇಡಿ. ಆಗ ಡಿ ಪದರ ಇಲ್ಲ, ಎಫ್ ಪದರ ಇನ್ನೂ ಇದೆ. ಬೆಳಗಾಗುವ ಮುಂಚೆ 7ರಲ್ಲಿ ಕಿವಿಗೊಟ್ಟರೆ ಯುರೋಪಿನ ಮೋರ್ಸ್ ತೆಳ್ಳಗೆ, ಸ್ವಚ್ಛವಾಗಿ ಕೇಳುತ್ತದೆ, ಬಿಸಿಲು ಏರುತ್ತಿದ್ದ ಹಾಗೆ ಒಂದೊಂದಾಗಿ ಮಾಯವಾಗುತ್ತದೆ.

ಸೂರ್ಯನ ಕಲೆ, ಎಸ್‌ಎಫ್‌ಐ, ಕೆ ಇಂಡೆಕ್ಸ್, ಇದೆಲ್ಲ ನೋಡಬೇಕಾ?

ಎರಡೇ ಅಂಕಿ ನೋಡಿ. ಎಸ್‌ಎಫ್‌ಐ, ಅಂದರೆ ಸೂರ್ಯನ ಚಟುವಟಿಕೆಯ ಅಂಕಿ, 150ರ ಮೇಲಿದ್ದರೆ 28 ಮೆಗಾಹರ್ಟ್ಸ್‌ನಲ್ಲಿ ಕೂರಿ. ಕೆ ಇಂಡೆಕ್ಸ್ 5 ಮುಟ್ಟಿದರೆ ಕಾಂತೀಯ ಬಿರುಗಾಳಿ ಇದೆ ಅಂತ. ಸೂರ್ಯನ ಚಟುವಟಿಕೆ ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಈಗಿನ 25ನೇ ಚಕ್ರ 2019ರ ಡಿಸೆಂಬರಿನಲ್ಲಿ ಶುರುವಾಗಿ 2024ರ ಹೊತ್ತಿಗೆ ಉಚ್ಛ್ರಾಯಕ್ಕೆ ಬಂತು. ಆದರೆ ಅಂಕಿ ನೋಡಿ ಸೆಟ್ ಆನ್ ಮಾಡದೆ ಕೂರಬೇಡಿ. ಬ್ಯಾಂಡ್ ಸತ್ತಿದೆ ಅನ್ನುವ ದಿನ ಎಷ್ಟೋ ಸಲ ಯಾರೂ ಕರೆಯದೆ ಇರುವುದರಿಂದ ಖಾಲಿ ಕಾಣುತ್ತದೆ, ಅಷ್ಟೆ.

ಬರೀ ಗುರ್ ಅನ್ನುವ ಸದ್ದು ಬರ್ತಾ ಇದೆ. ಏನು ಮಾಡಲಿ?

ಸೆಟ್ಟನ್ನು ಬ್ಯಾಟರಿಗೆ ಹಾಕಿ ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಸದ್ದು ಹೋಯಿತಾ? ಹಾಗಾದರೆ ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ಸಾಮಾನು ಆನ್ ಮಾಡುತ್ತಾ ಬನ್ನಿ. ಅಗ್ಗದ ಎಲ್‌ಇಡಿ ಬಲ್ಬು, ವೈಫೈ ಅಡಾಪ್ಟರ್, ಮೊಬೈಲ್ ಚಾರ್ಜರ್, ಯುಪಿಎಸ್, ಸೋಲಾರ್ ಚಾರ್ಜ್ ಕಂಟ್ರೋಲರ್, ಇವೇ ಸಾಮಾನ್ಯವಾಗಿ. ತಂತಿಗೆ ಫೆರೈಟ್ ಉಂಗುರ ಹಾಕಿದರೆ ಕಮ್ಮಿಯಾಗುತ್ತದೆ, ಇಲ್ಲದಿದ್ದರೆ ಬದಲಾಯಿಸಿ.

ಸದ್ದು ಹೋಗಲಿಲ್ಲ ಅಂದರೆ ಹೊರಗಿನದು. ಸೆಕೆಂಡಿಗೊಂದು ಸಲ ಗಡಿಯಾರದ ಹಾಗೆ ಟಿಕ್, ಟಿಕ್ ಅಂದರೆ ಅದು ಆನೆ, ಹಂದಿ ತಡೆಯಲು ಹಾಕಿದ ಸೋಲಾರ್ ಬೇಲಿ. ಬೇಲಿಯಿಂದಷ್ಟೇ ಅಷ್ಟು ಸದ್ದು ಬರುವುದಿಲ್ಲ. ಮಳೆಗಾಲದಲ್ಲಿ ಹುಲ್ಲು ಬೆಳೆದು ತಂತಿಗೆ ತಾಗಿದ ಕಡೆ ಕಿಡಿ ಹಾರುತ್ತದೆ, ಸದ್ದು ಮಾಡುವುದು ಆ ಕಿಡಿ. ಪಾಕೆಟ್ ರೇಡಿಯೋವನ್ನು ಮೀಡಿಯಂ ವೇವಿನ ಖಾಲಿ ಜಾಗಕ್ಕೆ ಇಟ್ಟು ಬೇಲಿ ಗುಂಟ ನಡೆಯಿರಿ, ಟಿಕ್ ಎಲ್ಲಿ ಜೋರಾಗುತ್ತದೋ ಅಲ್ಲಿ ಹುಲ್ಲು ಸವರಿಸಿ. ಬೇಲಿ ಪಕ್ಕದ ಮನೆಯವರದ್ದಾದರೂ ಹೋಗಿ ಹೇಳಿ. ಹುಲ್ಲು ತಾಗಿದ ಬೇಲಿಯಲ್ಲಿ ಶಾಕಿನ ಜೋರು ಕಮ್ಮಿ ಇರುತ್ತದೆ, ಅವರ ಬೆಳೆಗೂ ಒಳ್ಳೆಯದೇ ಆಯಿತು. ಒಂದೇ ಸಮ ಜುಯ್ ಅನ್ನುವ ಸದ್ದು ಆದರೆ ಲೈನ್ ಕಂಬದ ಪಿಂಗಾಣಿ ಬಿರುಕು ಬಿಟ್ಟಿರಬಹುದು. ಕಂಬದ ನಂಬರ್ ಬರೆದುಕೊಂಡು ಲೈನ್‌ಮನ್‌ಗೆ ತಿಳಿಸಿ. ನೀವಾಗಿ ಕಂಬ ಮುಟ್ಟಬೇಡಿ.

ಕರೆಂಟ್ ಹೋದರೆ?

ಆಗಲೇ ಸೆಟ್ ಆನ್ ಮಾಡಿ. ಊರಿಗೆ ಊರೇ ಕರೆಂಟ್ ಇಲ್ಲ ಅಂದರೆ ಎಲ್ಲ ಅಡಾಪ್ಟರ್‌ಗಳೂ ಸತ್ತಿರುತ್ತವೆ, ಬ್ಯಾಂಡ್ ಅಷ್ಟು ಶುದ್ಧ ಬೇರೆ ಹೊತ್ತಿನಲ್ಲಿ ಸಿಗುವುದಿಲ್ಲ. 5 ವಾಟಿನ ಸೆಟ್ ಟ್ರಾನ್ಸ್‌ಮಿಟ್ ಮಾಡುವಾಗ 12 ವೋಲ್ಟಿನಲ್ಲಿ ಸುಮಾರು 1ರಿಂದ 2 ಆಂಪಿಯರ್ ಎಳೆಯುತ್ತದೆ, ಕೇಳುವಾಗ ಬಹಳ ಕಮ್ಮಿ. 7 ಎಎಚ್ ಬ್ಯಾಟರಿ ಒಂದು ಸಂಜೆಗೆ ಧಾರಾಳ. ಮನೆ ಯುಪಿಎಸ್ ಬ್ಯಾಟರಿಯಿಂದ ತೆಗೆದುಕೊಳ್ಳುವುದಾದರೆ ಯುಪಿಎಸ್ ನಡೆಯುತ್ತಿರುವಾಗ ಬೇಡ, ಅದರ ಗಲಾಟೆ ಪೂರಾ ಸೆಟ್ಟಿಗೆ ಬರುತ್ತದೆ. ಫ್ಯೂಸ್ ಹಾಕದೆ ಜೋಡಿಸಬೇಡಿ.

ಗುಡುಗು ಮಿಂಚಿಗೆ?

ಕೇಬಲ್ ಕಳಚಿ ಮನೆಯ ಹೊರಗೆ ಹಾಕಿ. ಭರಣಿ, ಕೃತ್ತಿಕಾ, ರೋಹಿಣಿ ಮಳೆಯ ಸಮಯದಲ್ಲಿ, ಅಂದರೆ ಏಪ್ರಿಲ್ ಕೊನೆಯಿಂದ ಜೂನ್ ಶುರುವಿನವರೆಗೆ, ಮಧ್ಯಾಹ್ನದ ಮೇಲೆ ಮೋಡ ಕಟ್ಟಿದರೆ ಆಟ ಅಲ್ಲಿಗೆ ನಿಲ್ಲಿಸಿ. ಸೆಟ್ಟಿನಲ್ಲಿ ಚಟ್ ಚಟ್ ಅನ್ನುವ ಸಿಡಿತ ಹೆಚ್ಚಾಗುವುದೇ ಮೊದಲ ಎಚ್ಚರಿಕೆ. ಮುಂಗಾರು ಗಟ್ಟಿಯಾಗಿ ಹಿಡಿದ ಮೇಲೆ, ಆಗುಂಬೆ ಕಡೆ ವಾರಗಟ್ಟಲೆ ಸುರಿಯುವಾಗ, ಮಿಂಚು ಕಮ್ಮಿ. ಮಳೆಯಿಂದ ಎಚ್‌ಎಫ್ ಸಿಗ್ನಲ್ಲಿಗೆ ತೊಂದರೆ ಇಲ್ಲ. ಕೇಬಲಿನ ಜೋಡಣೆಗೆ ನೀರು ಇಳಿಯದ ಹಾಗೆ ಟೇಪ್ ಸುತ್ತಿರಬೇಕು ಅಷ್ಟೆ.

ಮೋರ್ಸ್ ಕಲಿಯಲೇಬೇಕಾ? ಎಫ್‌ಟಿ8 ಇದೆಯಲ್ಲ?

ಎಫ್‌ಟಿ8, ಅಂದರೆ ಕಂಪ್ಯೂಟರ್ ಮೂಲಕ ಪುಟ್ಟ ಸಂದೇಶ ಕಳಿಸುವ ವಿಧಾನ, ಬಹಳ ಒಳ್ಳೆಯ ಸಾಧನ. 2017ರಲ್ಲಿ ಬಂತು, ಮಾಡಿದವರಲ್ಲಿ ಒಬ್ಬರು ಭೌತಶಾಸ್ತ್ರಕ್ಕೆ 1993ರ ನೊಬೆಲ್ ಪಡೆದ ಜೋ ಟೇಲರ್. 15 ಸೆಕೆಂಡಿಗೊಂದು ಸರದಿ. ಕಿವಿಗೆ ಕೇಳಿಸದ ಸಿಗ್ನಲ್ಲನ್ನೂ ಕಂಪ್ಯೂಟರ್ ಹೆಕ್ಕುತ್ತದೆ. 7.074, 14.074, 28.074ರಲ್ಲಿ ಯಾವಾಗಲೂ ಜನ ಇರುತ್ತಾರೆ. ಅವರದ್ದೇ ಇನ್ನೊಂದು ಡಬ್ಲ್ಯುಎಸ್‌ಪಿಆರ್. ಎರಡು ನಿಮಿಷದ ನಿಧಾನದ ಸಂದೇಶ, 200 ಮಿಲಿವಾಟ್ ಹಾಕಿದರೂ ಸಾಗರ ದಾಟುತ್ತದೆ. ಹೊಸ ತಂತಿ ಕಟ್ಟಿದಾಗ ಎಲ್ಲಿಗೆ ಹೋಗುತ್ತಿದೆ ಅಂತ ನೋಡಲು ಇದಕ್ಕಿಂತ ಸುಲಭ ದಾರಿ ಇಲ್ಲ.

ಆದರೂ ಮೋರ್ಸ್ ಕಲಿಯಿರಿ ಅಂತಲೇ ಹೇಳುತ್ತೇನೆ. ಕಂಪ್ಯೂಟರ್ ಬೇಡ, ಅಂಗೈಯಗಲದ ಸೆಟ್ ಸಾಕು, ಮತ್ತು ಮಾತಿನ ಸಿಗ್ನಲ್ ಸದ್ದಿನಲ್ಲಿ ಮುಳುಗಿದ ಮೇಲೂ ಮೋರ್ಸ್ ಉಳಿದಿರುತ್ತದೆ. ಮನುಷ್ಯರ ಕೈಬರಹದ ಹಾಗೆ ಪ್ರತಿಯೊಬ್ಬರ ಕೈಯೂ ಬೇರೆ ಅಂತ ಕೆಲವು ವಾರದಲ್ಲೇ ಗೊತ್ತಾಗುತ್ತದೆ. ದಿನಕ್ಕೆ ಹದಿನೈದು ನಿಮಿಷ, ಒಂದು ದಿನವೂ ಬಿಡದೆ. ಚುಕ್ಕಿ ಗೆರೆ ಎಣಿಸಬೇಡಿ, ಅಕ್ಷರದ ಸದ್ದನ್ನೇ ಕಲಿಯಿರಿ. ಕಮ್ಮಿ ಪವರಿನವರು ಸೇರುವ ಜಾಗ 7.030, 14.060, 21.060, 28.060.

ಕರೆದೂ ಕರೆದೂ ಸಾಕಾಯಿತು, ಯಾರೂ ಉತ್ತರ ಕೊಡ್ತಿಲ್ಲ.

ಸುಮ್ನೆ ಸಿಕ್ಯೂ (ಯಾರಾದರೂ ಇದ್ದೀರಾ ಅನ್ನುವ ಕರೆ) ಕೂಗುವುದನ್ನು ಬಿಟ್ಟು ಜೋರಾಗಿ ಕೇಳಿಸುತ್ತಿರುವವರಿಗೆ ಉತ್ತರ ಕೊಡಿ. ಅವರು ನಿಮಗೆ ಜೋರಾಗಿ ಬರುತ್ತಿದ್ದರೆ ದಾರಿ ತೆರೆದಿದೆ ಅಂತ ಅರ್ಥ, ಆ ದಾರಿಯಲ್ಲಿ ನಿಮ್ಮ 5 ವಾಟೂ ಹೋಗುತ್ತದೆ. ಅವರು ಒಬ್ಬರ ಹತ್ತಿರ ಮುಗಿಸಿ ಉಸಿರು ಬಿಡುವ ಹೊತ್ತಿಗೆ ಸರಿಯಾಗಿ, ಒಂದೇ ಸಲ, ಪೂರ್ತಿ ಕಾಲ್‌ಸೈನ್ ಹೇಳಿ. ಮೋರ್ಸ್ ಆದರೆ ರಿವರ್ಸ್ ಬೀಕನ್ ನೆಟ್‌ವರ್ಕ್ ಪುಟ ತೆರೆದಿಡಿ. ನಿಮ್ಮ ಸಿಕ್ಯೂ ಯಾವ ದೇಶದ ರಿಸೀವರಿಗೆ ಎಷ್ಟು ಡೆಸಿಬಲ್ಲಿನಲ್ಲಿ ಮುಟ್ಟಿತು ಅಂತ ಕೆಲವೇ ಕ್ಷಣದಲ್ಲಿ ಬರುತ್ತದೆ. ಹೋಗುತ್ತಿದೆ ಅಂತ ಗೊತ್ತಾದರೆ ಕಾಯುವ ತಾಳ್ಮೆ ತಾನಾಗೇ ಬರುತ್ತದೆ.

ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಸೆಟ್ ಒಂದೇ ಇದೆ. ಅದರಿಂದ?

ಗುಡ್ಡ ಹತ್ತಿ. ಕೊಡಚಾದ್ರಿ 1343 ಮೀಟರ್, ಪಡುವಣಕ್ಕೆ ತೆರವಾಗಿದೆ, ಕರಾವಳಿ ಪೂರಾ ಎದುರಿಗೇ ಬರುತ್ತದೆ. ಕುಂದಾದ್ರಿಯೂ ಒಳ್ಳೆಯದು. ಮನೆಯಂಗಳದಿಂದಲೇ ಆದರೆ ಆಕಾಶ ನೋಡಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಿಪೀಟರ್ 145.990ರಲ್ಲಿ ಕೇಳಿಸಿಕೊಂಡು 437.800 ಮೆಗಾಹರ್ಟ್ಸ್‌ನಲ್ಲಿ ವಾಪಸ್ ಬಿಡುತ್ತದೆ, ಅದನ್ನು ಕೇಳಲು ಸೆಟ್ಟಿನಲ್ಲಿ ಯುಎಚ್‌ಎಫ್ ಕೂಡ ಇರಬೇಕು. ಒಂದು ಸಲ ಹಾದುಹೋಗಲು ಸುಮಾರು ಹತ್ತು ನಿಮಿಷ. ಹ್ಯಾಮ್‌ಗಳಿಗಾಗಿಯೇ ಇಸ್ರೋ 2005ರ ಮೇ 5ರಂದು ಹ್ಯಾಮ್‌ಸ್ಯಾಟ್ ಉಪಗ್ರಹ ಹಾರಿಸಿತ್ತು.

ರೇಡಿಯೇಷನ್ ಅಂತ ಮನೆಯವರು, ಅಕ್ಕಪಕ್ಕದವರು ಹೆದರುತ್ತಾರೆ.

5 ವಾಟ್ ಅಂದರೆ ಸಣ್ಣ ಎಲ್‌ಇಡಿ ಬಲ್ಬಿನಷ್ಟು ಪವರ್. ಅದೂ ಹತ್ತು ಮೀಟರ್ ಮೇಲೆ, ಮಾತಾಡುವಾಗ ಮಾತ್ರ. ಅವರನ್ನು ಕರೆದು ಕೂರಿಸಿ ಒಂದು ಸಂಪರ್ಕ ಕೇಳಿಸಿ, ಮಕ್ಕಳಿದ್ದರಂತೂ ಖಂಡಿತ.

ಮೊಬೈಲ್ ಇರುವಾಗ ಇದೆಲ್ಲ ಯಾಕೆ?

2004ರ ಸುನಾಮಿಯ ದಿನ ಅಂಡಮಾನಿನಲ್ಲಿ ಹ್ಯಾಮ್ ತಂಡವೊಂದು ಇತ್ತು. ಫೋನುಗಳು ನಿಂತಾಗ ಅವರ ಸೆಟ್‌ಗಳಿಂದಲೇ ಸುದ್ದಿ ಹೊರಗೆ ಬಂತು. ನಮ್ಮಲ್ಲೂ ಮಳೆಗೆ ಮರ ಬಿದ್ದು ಕರೆಂಟ್ ಹೋಗಿ, ಟವರಿನ ಬ್ಯಾಟರಿ ಮುಗಿದರೆ ಎಷ್ಟೋ ಊರು ದಿನಗಟ್ಟಲೆ ಸುದ್ದಿಯಿಲ್ಲದೆ ಇರುತ್ತವೆ. ಅಂಥ ಹೊತ್ತಿಗೆ ಬ್ಯಾಟರಿಯಲ್ಲಿ ನಡೆಯುವ, ಕಣಿವೆಯಿಂದ ಹೊರಗೆ ಮಾತಾಡುವ ಸೆಟ್ ಊರಿಗೊಂದು ಇರಲಿ ಅನ್ನುವುದು ನನ್ನ ಆಸೆ.

ಸೆಟ್ಟೂ ಇಲ್ಲ, ಲೈಸೆನ್ಸೂ ಇಲ್ಲ. ಇವತ್ತೇ ಶುರು ಮಾಡೋಕೆ ಏನಿದೆ?

ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್, ಅಂದರೆ ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಕೇಳಬಹುದಾದ ರಿಸೀವರ್, ಮೊಬೈಲಿನಲ್ಲೇ ತೆರೆಯುತ್ತದೆ. ಸಂಜೆ 14 ಮೆಗಾಹರ್ಟ್ಸ್‌ಗೆ ಹೋಗಿ ವಿಯು2, ವಿಯು3 ಕಾಲ್‌ಸೈನ್ ಹುಡುಕಿ. ಯುರೋಪಿನವರ ಕಿವಿಗೆ ನಮ್ಮವರು ಹೇಗೆ ಕೇಳಿಸುತ್ತಾರೆ ಅಂತ ಗೊತ್ತಾಗುತ್ತದೆ. ಸಮಯ, ಫ್ರೀಕ್ವೆನ್ಸಿ, ಎಷ್ಟು ಜೋರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಸಮಯವನ್ನು ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲೇ ಬರೆಯಿರಿ, ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದರೆ ಆಯಿತು.